ಒಂದೇ ಸಿದ್ಧಾಂತ, ಬೇರೆ ಬೇರೆ ತರಗತಿ: ಕ್ರೈಸ್ತ ದೇವಶಾಸ್ತ್ರ ಓದಲು ಎಲ್ಲಿಗೆ ಸೇರಬೇಕು?

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಒಂದು, ಹೊಸೂರು ರಸ್ತೆಯ ಬದಿಯಲ್ಲಿ ಒಂದು, ಮಲ್ಲೇಶ್ವರದಲ್ಲಿ ಒಂದು, ಕೊತ್ತನೂರಿನಲ್ಲಿ ಒಂದು. ಮಂಗಳೂರಿನ ಬಲ್ಮಠದಲ್ಲಿ ಇನ್ನೊಂದು, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮತ್ತೊಂದು. ಕ್ರೈಸ್ತ ದೇವಶಾಸ್ತ್ರ ಓದಬೇಕೆನ್ನುವವರಿಗೆ ಕರ್ನಾಟಕದೊಳಗೇ ಇಷ್ಟು ಬಾಗಿಲುಗಳಿವೆ. ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಯಾವ ಪಠ್ಯಕ್ರಮ ತೆರೆದರೂ ತ್ರಯೈಕ್ಯ (ಒಬ್ಬ ದೇವರಲ್ಲಿ ಮೂವರು), ನರಾವತಾರ, ಪಾಪ, ಕೃಪೆ, ರಕ್ಷಣೆ, ಸಭೆ (ಚರ್ಚ್), ಸಂಸ್ಕಾರ, ಅಂತ್ಯಕಾಲ ಎಂಬ ಅವೇ ತಲೆಬರಹಗಳು ಕಾಣುತ್ತವೆ. ಆದರೆ ಆ ತಲೆಬರಹಗಳ ಕೆಳಗೆ ಒಂದೊಂದು ಕಡೆ ಒಂದೊಂದು ಪ್ರಶ್ನೆ ಕೇಳುತ್ತಾರೆ. ಕೊನೆಗೆ ಕೈಗೆ ಬರುವ ಪದವಿ ನಡೆಯುವ ಜಾಗವೂ ಬೇರೆ ಬೇರೆ.

ಮೊದಲು ಅಳತೆಗೋಲು

ಕಾಲೇಜಿನ ಹೆಸರು ನೋಡುವ ಮೊದಲು ಐದು ವಿಷಯ ಖಚಿತ ಮಾಡಿಕೊಳ್ಳಿ.

ಒಂದು, ಓದಿ ಏನಾಗಬೇಕು ಎಂಬುದು. ಸಭಾಪಾಲಕರಾಗಲೇ, ಫಾದರ್ ಆಗಲೇ, ಕಾಲೇಜು ಅಧ್ಯಾಪಕರಾಗಲೇ, ಅಥವಾ ನಂಬಿದ್ದನ್ನು ಸರಿಯಾಗಿ ತಿಳಿಯಲಿಕ್ಕೇ? ಈ ನಾಲ್ಕಕ್ಕೂ ಹೊಂದುವ ಒಂದೇ ಪದವಿ ಇಲ್ಲ.

ಎರಡು, ಪದವಿಯನ್ನು ಯಾರು ಒಪ್ಪುತ್ತಾರೆ ಎಂಬುದು. ಸಭೆ ಒಪ್ಪುವುದು ಬೇರೆ, ಯುಜಿಸಿ ಒಪ್ಪುವುದು ಬೇರೆ, ವ್ಯಾಟಿಕನ್ ಒಪ್ಪುವುದು ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ವರ್ಷ ಓದಿ ಮುಗಿಸಿದ ಮೇಲೆ, ಕಾಲೇಜು ಅಧ್ಯಾಪಕರಾಗಲು ಬೇಕಾದ ನೆಟ್ ಪರೀಕ್ಷೆಗೆ ಅರ್ಜಿ ಹಾಕಲು ಹೋದಾಗ ಪ್ರಶ್ನೆ ಏಳುತ್ತದೆ.

ಮೂರು, ನಿಮ್ಮ ಬೆನ್ನಿಗೆ ಸಭೆ ಇದೆಯೇ ಎಂಬುದು. ಹೆಚ್ಚಿನ ದೇವಶಾಸ್ತ್ರ ಕಾಲೇಜುಗಳು ಸಭೆಯ ಶಿಫಾರಸು ಪತ್ರ ಕೇಳುತ್ತವೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪ್ರಾಂತ್ಯವೇ ಅಭ್ಯರ್ಥಿಯನ್ನು ಆರಿಸಿ ಕಳಿಸಿದರೆ ಖರ್ಚಿನ ಭಾರ ಇಳಿಯುತ್ತದೆ, ಮುಂದಿನ ನೇಮಕಕ್ಕೂ ದಾರಿಯಾಗುತ್ತದೆ. ತಾನಾಗಿಯೇ ಹೋಗಿ ಬಿ.ಡಿ. (ದೇವಶಾಸ್ತ್ರದ ಮೊದಲ ಪದವಿ) ಮುಗಿಸಿ ಬಂದವರಿಗೆ ದೀಕ್ಷೆ ಕೊಡಲೇಬೇಕೆಂಬ ನಿಯಮವಿಲ್ಲ.

ನಾಲ್ಕು, ಭಾಷೆ. ಓದುವ ಪುಸ್ತಕ ಬಹುಪಾಲು ಇಂಗ್ಲಿಷಿನಲ್ಲಿ. ಅದರ ಮೇಲೆ ಗ್ರೀಕ್, ಕೆಲವು ಕಡೆ ಹೀಬ್ರೂ, ಲ್ಯಾಟಿನ್. ಗ್ರೀಕ್ ಎಂದರೆ ಹೆದರಬೇಕಿಲ್ಲ. ಹೊಸ ಒಡಂಬಡಿಕೆಯಲ್ಲಿ ಐವತ್ತು ಸಲಕ್ಕಿಂತ ಹೆಚ್ಚು ಬರುವ ಪದಗಳು ಸುಮಾರು 310. ಅಷ್ಟು ಬಾಯಿಪಾಠವಾದರೆ ಇಡೀ ಪಠ್ಯದ ನೂರಕ್ಕೆ ಹತ್ತಿರ ಹತ್ತಿರ ಎಂಬತ್ತು ಪದ ಗುರುತು ಸಿಗುತ್ತವೆ. ಕಷ್ಟ ಕೊಡುವುದು ಕ್ರಿಯಾಪದದ ರೂಪಗಳು. ದಿನಕ್ಕೆ ಅರ್ಧ ಗಂಟೆ ತಪ್ಪದೆ ಕೂತವರು ದಾಟುತ್ತಾರೆ, ಪರೀಕ್ಷೆಯ ಹಿಂದಿನ ವಾರ ಕೂತವರು ದಾಟುವುದಿಲ್ಲ.

ಐದು, ಹಣ ಮತ್ತು ವರ್ಷ. ಬೋಧನಾ ಶುಲ್ಕ ಒಂದನ್ನೇ ನೋಡಬೇಡಿ. ಹಾಸ್ಟೆಲು, ಪರೀಕ್ಷಾ ಶುಲ್ಕ, ಪುಸ್ತಕ, ರಜೆಯ ಕ್ಷೇತ್ರಕಾರ್ಯ, ಅಷ್ಟು ವರ್ಷ ನಿಲ್ಲುವ ಸಂಪಾದನೆ, ಎಲ್ಲ ಸೇರಿಸಿ ಕೂಡಿಸಿ. ವಸತಿ ಕಡ್ಡಾಯವಿರುವ ಕಡೆ ಮನೆಯಿಂದ ಓಡಾಡುವ ಲೆಕ್ಕಾಚಾರ ನಡೆಯುವುದಿಲ್ಲ.

ಒರೆಗಲ್ಲಿಗೆ ಒಂದು ಸಿದ್ಧಾಂತ

ಈ ಐದರ ಜೊತೆಗೆ ಇನ್ನೊಂದು ಪರೀಕ್ಷೆ ಇದೆ, ನಮ್ಮ ಮಟ್ಟಿಗೆ ಅದೇ ಮುಖ್ಯ. ಒಂದು ಸಿದ್ಧಾಂತ ಹಿಡಿದುಕೊಂಡು, ಅದನ್ನು ಆ ಕಾಲೇಜಿನಲ್ಲಿ ಎಲ್ಲಿಂದ ಶುರುಮಾಡುತ್ತಾರೆ ಎಂದು ಕೇಳಿ. ನೀತಿನಿರ್ಣಯದ ಸಿದ್ಧಾಂತವನ್ನೇ, ಅಂದರೆ ಪಾಪಿಯಾದ ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬುದನ್ನೇ, ತೆಗೆದುಕೊಳ್ಳೋಣ.

ಹೊಸ ಒಡಂಬಡಿಕೆಯಲ್ಲಿ ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಪೌಲನು ಬಳಸುವ ಗ್ರೀಕ್ ಕ್ರಿಯಾಪದ ಡಿಕಾಯೊಓ. ದೇವರು ಮನುಷ್ಯನನ್ನು ನೀತಿವಂತನೆಂದು ತೀರ್ಪು ಕೊಡುತ್ತಾನೆಯೇ, ಇಲ್ಲವೇ ನೀತಿವಂತನನ್ನಾಗಿ ಮಾಡುತ್ತಾನೆಯೇ? ಲ್ಯಾಟಿನ್‌ನಲ್ಲಿ ಓದಿದ ಸಭಾಪಿತೃ ಅಗಸ್ಟೀನ್ ‘ಮಾಡುತ್ತಾನೆ’ ಎಂದು ತಿಳಿದ. 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ‘ತೀರ್ಪು ಕೊಡುತ್ತಾನೆ’ ಎಂಬುದನ್ನು ಎತ್ತಿ ಹಿಡಿದರು. 1547ರ ಜನವರಿಯಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಇದಕ್ಕೆ ತನ್ನ ಉತ್ತರ ಕೊಟ್ಟಿತು. ಕಥೋಲಿಕರೂ ಲೂಥರನ್ನರೂ ಇದರ ಮೂಲಭೂತ ಸತ್ಯಗಳ ಬಗ್ಗೆ ಒಮ್ಮತದ ಘೋಷಣೆಗೆ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ನಮ್ಮ ಹಳೆಯ ಕನ್ನಡ ಸತ್ಯವೇದ ‘ನೀತಿವಂತರೆಂಬ ನಿರ್ಣಯ’ ಎನ್ನುತ್ತದೆ. ಅಂದರೆ ಅನುವಾದವೇ ಈ ವಾದದಲ್ಲಿ ಒಂದು ಪಕ್ಷಕ್ಕೆ ವಾಲಿದೆ. ಚಿಕ್ಕಂದಿನಿಂದ ಅದನ್ನೇ ಓದುತ್ತ ಬಂದವರಿಗೆ ಅಲ್ಲೊಂದು ವಾದವಿತ್ತು ಎಂಬುದೇ ಗೊತ್ತಾಗಿರುವುದಿಲ್ಲ.

ಈಗ ಒಂದೊಂದು ಬಾಗಿಲಾಗಿ ನೋಡೋಣ.

ಸೆರಾಂಪುರದ ದಾರಿ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸೇವೆಗೆ ಹೋಗುವವರಿಗೆ ಇದು ಹೆದ್ದಾರಿ. 1818ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಮಿಷನರಿಗಳಾದ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಕಟ್ಟಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಪದವಿ ನೀಡುವ ಸನ್ನದು ಸಿಕ್ಕಿತು. 1918ರ ಬಂಗಾಳ ಕಾಯಿದೆ ಅದನ್ನು ಮುಂದುವರಿಸಿ, ಪದವಿ ಕೊಡುವ ಮಂಡಳಿಯಾದ ಸೆನೆಟನ್ನು ರೂಪಿಸಿತು. ಇಂದು ದೇಶದ ಹಲವು ದೇವಶಾಸ್ತ್ರ ಕಾಲೇಜುಗಳು ಈ ಸೆನೆಟ್ಟಿಗೆ ಸೇರಿವೆ. ಪದವಿ ಆದವರಿಗೆ ಬಿ.ಡಿ. 4 ವರ್ಷ, ಅದರ ಮೇಲೆ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) 2 ವರ್ಷ. ಸಿದ್ಧಾಂತವನ್ನೇ ಆಳವಾಗಿ ಓದಬೇಕೆಂದರೆ ಎಂ.ಟಿಎಚ್.ನಲ್ಲಿ ಕ್ರೈಸ್ತ ದೇವಶಾಸ್ತ್ರದ ಶಾಖೆ ಆರಿಸಬೇಕು. ಬಿ.ಡಿ.ಯಲ್ಲಿ ಸಿದ್ಧಾಂತ ಒಂದು ಪಾಲು ಮಾತ್ರ. ಹಳೆ ಒಡಂಬಡಿಕೆ, ಹೊಸ ಒಡಂಬಡಿಕೆ, ಸಭಾ ಚರಿತ್ರೆ, ಇತರ ಧರ್ಮಗಳು, ಆರೈಕೆ, ಉಪದೇಶ ಎಲ್ಲವೂ ಜೊತೆಗೆ ನಡೆಯುತ್ತವೆ. ಸಭಾಪಾಲಕರಿಗೆ ಇದು ಬೇಕಾದದ್ದೇ. ಸಿದ್ಧಾಂತವನ್ನು ಮಾತ್ರ ಹುಡುಕಿಕೊಂಡು ಬಂದವರಿಗೆ ಮೊದಲೆರಡು ವರ್ಷ ತಾಳ್ಮೆ ಬೇಕು.

ಕರ್ನಾಟಕದಲ್ಲಿ ಈ ದಾರಿಗೆ ಎರಡು ದೊಡ್ಡ ಬಾಗಿಲು.

ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಬಾಯಿಮಾತಿನಲ್ಲಿ ಯುಟಿಸಿ, 1910ರಲ್ಲಿ ಹಲವು ಸಭೆಗಳು ಕೂಡಿ ಕಟ್ಟಿದ್ದು. ಬೋಧನೆ ಇಂಗ್ಲಿಷಿನಲ್ಲಿ, ವಿದ್ಯಾರ್ಥಿಗಳು ದೇಶದ ಎಲ್ಲ ಕಡೆಯವರು. ಇಲ್ಲಿ ಸಿದ್ಧಾಂತ ಹಳೆಯ ನೈಸಿಯಾ ಮಹಾಸಭೆಯಿಂದ ಹೊರಟು ನಮ್ಮ ಊರುಕೇರಿಯವರೆಗೆ ಬರುತ್ತದೆ. ದಲಿತ ದೇವಶಾಸ್ತ್ರಕ್ಕೆ ನಾಂದಿ ಎಂದು ಎಣಿಸುವ ಅರವಿಂದ ನಿರ್ಮಲ್ ಅವರ ಉಪನ್ಯಾಸ 1981ರಲ್ಲಿ ನಡೆದದ್ದು ಇದೇ ಕಾಲೇಜಿನಲ್ಲಿ. ಹಾಗಾಗಿ ನೀತಿನಿರ್ಣಯದ ಪಾಠದಲ್ಲಿ ‘ದೇವರ ಮುಂದೆ ನೀತಿವಂತ’ ಎಂಬುದರ ಜೊತೆಗೆ ‘ಊರಿನ ಮುಂದೆ ಮಾನ ಕಳೆದುಕೊಂಡವನಿಗೆ ನ್ಯಾಯ’ ಎಂಬ ಪ್ರಶ್ನೆಯೂ ಏಳುತ್ತದೆ. ಸಿದ್ಧಾಂತವೆಂದರೆ ಬಾಯಿಪಾಠ ಎಂದುಕೊಂಡು ಬಂದವರಿಗೆ ಈ ಪಾಠ ಅಲುಗಾಡಿಸುವಂಥದ್ದು. ಅಲುಗಾಡಲು ಸಿದ್ಧವಿರುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಸಮೃದ್ಧ ಜಾಗ ಕಡಿಮೆ.

ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು ಬಾಸೆಲ್ ಮಿಷನ್ನಿನ 19ನೇ ಶತಮಾನದ ದೇವಶಾಸ್ತ್ರ ಶಾಲೆಯಲ್ಲಿದೆ. ಕನ್ನಡ ಸಭೆಗಳಿಗೆ ಪಾಲಕರನ್ನು ಸಿದ್ಧಮಾಡುವುದು ಇದರ ಮೊದಲ ಕೆಲಸ. ಮಿಷನ್ನಿನ ಕಾಲದ ಕನ್ನಡ ಮುದ್ರಣ, ಕಾಗದಪತ್ರಗಳ ದಾಖಲೆ ಸಂಗ್ರಹವೂ ಇಲ್ಲೇ ಇದೆ. ಕನ್ನಡದಲ್ಲಿ ಉಪದೇಶ ಮಾಡಬೇಕಾದವರು ಇದನ್ನು ಹಗುರವಾಗಿ ಎಣಿಸಬಾರದು. ಯಾಕೆ ಎನ್ನುವುದಕ್ಕೆ ಒಂದೇ ವಾಕ್ಯ ಸಾಕು. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ 14ನೇ ವಚನ ಹಳೆಯ ಕನ್ನಡ ಸತ್ಯವೇದದಲ್ಲಿ ‘ನರಾವತಾರ ಎತ್ತಿ’ ಎಂದಿದೆ. ಗ್ರೀಕ್‌ನಲ್ಲಿರುವುದು ‘ಮಾಂಸವಾಯಿತು’ ಎಂಬ ಅರ್ಥ. ಅವತಾರ ಎಂದ ಕೂಡಲೇ ಕನ್ನಡ ಕಿವಿಗೆ ದಶಾವತಾರ ಕೇಳಿಸುತ್ತದೆ. ಇಳಿದು ಬರುವುದು, ಕೆಲಸ ಮುಗಿಸಿ ಹೋಗುವುದು, ಯುಗಯುಗಕ್ಕೂ ಮತ್ತೆ ಬರುವುದು. 451ರ ಕಾಲ್ಸಿಡನ್ ಮಹಾಸಭೆ ಹೇಳಿದ್ದು ಒಬ್ಬನೇ ಕ್ರಿಸ್ತ, ಎರಡು ಸ್ವಭಾವ, ಅವು ಬೆರಕೆಯಾಗದೆ, ಬದಲಾಗದೆ, ಒಡೆಯದೆ, ಅಗಲದೆ ಇವೆ ಎಂದು. ಈ ಎರಡರ ನಡುವಿನ ಅಂತರವನ್ನು ಬೆಳ್ತಂಗಡಿಯ ಅಥವಾ ಗದಗಿನ ಸಭೆಯಲ್ಲಿ ಕೂತ ಅಜ್ಜಿಗೆ ವಿವರಿಸುವುದು ಹೇಗೆ? ಇಂಗ್ಲಿಷಿನಲ್ಲಿ ಮಾತ್ರ ಓದಿದವರಿಗೆ ಈ ಪ್ರಶ್ನೆ ಎದುರಾಗುವುದೇ ಮೊದಲ ಉಪದೇಶದ ದಿನ.

ಬೆಲೆ ತೆರಬೇಕಾದ ಕಡೆಯೂ ಇದೆ. ಕನ್ನಡಕ್ಕೆ ಒತ್ತು ಕೊಟ್ಟು ಓದಿದವರು ಮುಂದೆ ಎಂ.ಟಿಎಚ್.ಗೆ ಹೋದಾಗ ಇಂಗ್ಲಿಷಿನ ಓದಿನ ವೇಗ ಅಡ್ಡ ಬರುತ್ತದೆ. ಬಿ.ಡಿ.ಯ ಎರಡನೇ ವರ್ಷದಿಂದಲೇ ವಾರಕ್ಕೊಂದು ಇಂಗ್ಲಿಷ್ ಅಧ್ಯಾಯ ಓದಿ ಒಂದು ಪುಟದ ಸಾರ ಬರೆಯುವ ರೂಢಿ ಇಟ್ಟುಕೊಂಡರೆ ಈ ತೊಡಕು ಬಹಳ ಮಟ್ಟಿಗೆ ನೀಗುತ್ತದೆ.

ಇನ್ನು ಮಾನ್ಯತೆ. ಸೆರಾಂಪುರದ ಅಧಿಕಾರ ಸನ್ನದು ಮತ್ತು ಕಾಯಿದೆಯಿಂದ ಬಂದದ್ದು. ಸಭೆಗಳು, ವಿದೇಶದ ಹಲವು ವಿಶ್ವವಿದ್ಯಾಲಯಗಳು ಈ ಪದವಿಯನ್ನು ಬಲ್ಲವು. ಆದರೆ ಬಿ.ಡಿ. ಹಿಡಿದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಅಥವಾ ಅಧ್ಯಾಪಕ ಹುದ್ದೆ ನೋಡುವವರು, ತಾವು ಸೇರಬೇಕೆಂದಿರುವ ವಿಶ್ವವಿದ್ಯಾಲಯದಿಂದಲೇ ಅರ್ಹತೆಯ ಬಗ್ಗೆ ಲಿಖಿತ ಉತ್ತರ ಪಡೆಯಬೇಕು. ‘ನಮ್ಮವರು ಒಬ್ಬರು ಸೇರಿದ್ದಾರೆ’ ಎಂಬ ಬಾಯಿಮಾತನ್ನು ನಂಬಿ ಹೊರಡಬೇಡಿ.

ಕಥೋಲಿಕ ಪೀಠಗಳು

ಹೊಸೂರು ರಸ್ತೆಯ ಧರ್ಮಾರಾಮ್ ವಿದ್ಯಾಕ್ಷೇತ್ರ, ಮಲ್ಲೇಶ್ವರದ ಸಂತ ಪೇತ್ರರ ಪೊಂಟಿಫಿಕಲ್ ಸಂಸ್ಥೆ, ಕರ್ನಾಟಕದ ಹೊರಗೆ ಪುಣೆಯ ಜ್ಞಾನದೀಪ. ಇವುಗಳ ಪದವಿ ರೋಮಿನ ನಿಯಮದ್ದು. ಮೊದಲ ಹಂತ ಒಟ್ಟು 5 ವರ್ಷ, ಅಥವಾ 2 ವರ್ಷ ತತ್ತ್ವಶಾಸ್ತ್ರ ಮೊದಲೇ ಆಗಿದ್ದರೆ 3 ವರ್ಷ. ಆಮೇಲೆ 2 ವರ್ಷದ ಲೈಸೆನ್ಷಿಯೇಟ್ (ಸ್ನಾತಕೋತ್ತರ ಮಟ್ಟದ ಪದವಿ), ನಂತರ ಡಾಕ್ಟರೇಟ್. ಸಿದ್ಧಾಂತದ ಮೇಲೇ ನಿಲ್ಲಬೇಕೆನ್ನುವವರಿಗೆ ಲೈಸೆನ್ಷಿಯೇಟ್ ಹೇಳಿ ಮಾಡಿಸಿದಂತಿದೆ.

ಇಲ್ಲಿಯ ದೊಡ್ಡ ಬಲ ತತ್ತ್ವಶಾಸ್ತ್ರದ ತಳಪಾಯ. ಸ್ವಭಾವ, ವ್ಯಕ್ತಿ, ತತ್ತ್ವ, ಕಾರಣ ಎಂಬ ಪದಗಳು ಮೊದಲೇ ಪಳಗಿರುವುದರಿಂದ 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳ ವಾದ ಬರೀ ಹೆಸರುಗಳ ಪಟ್ಟಿಯಾಗಿ ಉಳಿಯುವುದಿಲ್ಲ. ಪಾಠಕ್ಕೆ ಒಂದು ಕ್ರಮ ಇರುತ್ತದೆ: ಧರ್ಮಗ್ರಂಥ, ಸಭಾಪಿತೃಗಳು, ಮಹಾಸಭೆಗಳು, ಮಧ್ಯಯುಗದ ಚಿಂತಕ ಅಕ್ವಿನಾಸ್, 1962ರಿಂದ 65ರವರೆಗಿನ ಎರಡನೇ ವ್ಯಾಟಿಕನ್ ಮಹಾಸಭೆ, ಇಂದಿನ ಪ್ರಶ್ನೆ. ನೀತಿನಿರ್ಣಯದ ಪಾಠವೂ ಟ್ರೆಂಟನ್ನು ಹಾದೇ ಆಗ್ಸ್‌ಬರ್ಗಿಗೆ ಬರುತ್ತದೆ. ಧರ್ಮಸಭೆಯ ಬೋಧನೆ ಇಲ್ಲಿ ಪಾಠದ ಚೌಕಟ್ಟು, ಅದರೊಳಗೆ ವಾದಕ್ಕೆ ಜಾಗವಿದೆ. ಚೌಕಟ್ಟೇ ಬೇಡ ಎನ್ನುವವರಿಗೆ ಇದು ಹೊಂದುವುದಿಲ್ಲ.

ಗುರುದೀಕ್ಷೆಗೆ ಹೋಗುವವರನ್ನು ಧರ್ಮಕ್ಷೇತ್ರ ಅಥವಾ ಅವರ ಸಭಾಮಠ ಕಳಿಸುತ್ತದೆ, ಹಣದ ಚಿಂತೆ ಅವರದಲ್ಲ. ಸಿಸ್ಟರ್‌ಗಳೂ ಗೃಹಸ್ಥರೂ (ದೀಕ್ಷೆ ಪಡೆಯದ ಸಾಮಾನ್ಯ ಭಕ್ತರು) ಇಲ್ಲಿ ಓದಬಹುದು. ಗೃಹಸ್ಥರು ಸೇರುವ ಮೊದಲು ಒಂದು ಲೆಕ್ಕ ಹಾಕಲೇಬೇಕು. ರೋಮಿನ ನಿಯಮದ ಈ ಕ್ಯಾನನ್ ಪದವಿ ರೋಮ್, ಬೆಲ್ಜಿಯಮ್ಮಿನ ಲೂವೆನ್ ಮುಂತಾದ ಕಡೆ ಮುಂದೆ ಓದಲು ನೇರ ಮೆಟ್ಟಿಲು, ಆದರೆ ಅದು ಯುಜಿಸಿ ಪದವಿಯಲ್ಲ. ಕುಟುಂಬ ಸಾಕಬೇಕಾದವರು ಯುಜಿಸಿ ಮಾನ್ಯತೆಯ ಒಂದು ಎಂ.ಎ.ಯನ್ನು, ತತ್ತ್ವಶಾಸ್ತ್ರವಾದರೂ ಸರಿ, ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಇವಾಂಜೆಲಿಕಲ್ ಸಂಸ್ಥೆಗಳು

ಇವು ಸತ್ಯವೇದದ ಅಧಿಕಾರಕ್ಕೆ ಮೊದಲ ಸ್ಥಾನ ಕೊಡುವ ಪ್ರೊಟೆಸ್ಟೆಂಟ್ ಧಾರೆಯವು. ಕೊತ್ತನೂರಿನ ಸಾಯಾಕ್ಸ್ (ಸೌತ್ ಏಷ್ಯಾ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಕ್ರಿಶ್ಚಿಯನ್ ಸ್ಟಡೀಸ್) ಈ ಬಗೆಯಲ್ಲಿ ಹೆಸರಾದದ್ದು, ಸ್ನಾತಕೋತ್ತರ ಓದಿಗೆ ಮೀಸಲು. ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು 1970ರಲ್ಲಿ ಹುಟ್ಟಿದ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್. ಅದು ಶಿಕ್ಷಣ ಸಂಸ್ಥೆಗಳ ಒಕ್ಕೂಟದ ಮಾನ್ಯತೆ, ಸರ್ಕಾರದ್ದಲ್ಲ. ಈ ವ್ಯತ್ಯಾಸ ತಿಳಿಯದೆ ಸೇರಿದವರೇ ಆಮೇಲೆ ಹೆಚ್ಚು ಪೇಚಾಡುವುದು.

ಪಾಠ ಸತ್ಯವೇದದ ಅಧಿಕಾರದಿಂದ ಹೊರಡುತ್ತದೆ. ನೀತಿನಿರ್ಣಯ ಎಂದರೆ ರೋಮಾಪುರದ ಪತ್ರದ ಮೂರನೇ ಅಧ್ಯಾಯ ಬಿಚ್ಚಿ, ಗ್ರೀಕ್ ಪದ ಪದವಾಗಿ ನೋಡಿ, ಆಮೇಲೆ ಸುಧಾರಕರ ಕಡೆ ತಿರುಗುವುದು. ಪಠ್ಯವನ್ನು ನಿಧಾನವಾಗಿ ಓದುವ ಶಿಸ್ತು ಬೇಕಾದವರಿಗೆ ಇದು ತುಂಬ ಒಳ್ಳೆಯ ಗರಡಿ. ಹಲವು ಕಡೆ ಸೇರುವಾಗ ವಿಶ್ವಾಸದ ಹೇಳಿಕೆಗೆ ಸಹಿ ಕೇಳುತ್ತಾರೆ. ಅದನ್ನು ಮೊದಲು ಓದಿ. ಒಪ್ಪದ ಒಂದು ಸಾಲಿದ್ದರೂ ಸಹಿ ಹಾಕಿ ಮೂರು ವರ್ಷ ಒಳಗೊಳಗೇ ಕೊರಗುವುದಕ್ಕಿಂತ ಬೇರೆ ಕಡೆ ನೋಡುವುದು ಮೇಲು.

ಸರ್ಕಾರಿ ವಿಶ್ವವಿದ್ಯಾಲಯ

ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗವಿದೆ, ಮದರಾಸು ವಿಶ್ವವಿದ್ಯಾಲಯದಲ್ಲೂ ಇದೆ. ಇಲ್ಲಿ ಸಭೆಯ ಶಿಫಾರಸು ಬೇಡ, ನೀವು ಕ್ರೈಸ್ತರಾಗಿರಬೇಕೆಂದೂ ಇಲ್ಲ. ಕ್ರೈಸ್ತರಲ್ಲದ ಓದುಗರಿಗೆ, ವಚನ ಸಾಹಿತ್ಯವನ್ನೋ ವೇದಾಂತವನ್ನೋ ಓದಿಕೊಂಡು ಹೋಲಿಕೆಗಾಗಿ ಇತ್ತ ಬರುವವರಿಗೆ, ಇದು ಎಲ್ಲಕ್ಕಿಂತ ಸುಗಮ ಬಾಗಿಲು. ಶುಲ್ಕ ಸರ್ಕಾರಿ ಮಟ್ಟದ್ದು. ಪದವಿ ಯುಜಿಸಿಯದ್ದು.

ಅಧ್ಯಾಪಕ ವೃತ್ತಿ ಬೇಕಾದವರಿಗೆ ದಾರಿ ಹೀಗಿದೆ. ಎಂ.ಎ.ಯಲ್ಲಿ ಕನಿಷ್ಠ 55 ಶೇಕಡಾ, ಮೀಸಲು ವರ್ಗದವರಿಗೆ 50. ಆಮೇಲೆ ನೆಟ್ ಪರೀಕ್ಷೆ. ಅಲ್ಲಿ ಕ್ರೈಸ್ತ ದೇವಶಾಸ್ತ್ರ ಎಂಬ ವಿಷಯ ಪ್ರತ್ಯೇಕವಾಗಿಲ್ಲ, ‘ಧರ್ಮಗಳ ತೌಲನಿಕ ಅಧ್ಯಯನ’ ಎಂಬ ವಿಷಯ ಆರಿಸಬೇಕು. ಅಂದರೆ ಬೌದ್ಧ, ಜೈನ, ಇಸ್ಲಾಂ, ಹಿಂದೂ ಪರಂಪರೆಗಳನ್ನೂ ಓದಿರಬೇಕು. ಎಂ.ಎ. ಮೊದಲ ವರ್ಷದಲ್ಲೇ ಆ ಪಠ್ಯಕ್ರಮ ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳಿ.

ಕೊರತೆಯೂ ಇದೆ. 2 ವರ್ಷದಲ್ಲಿ ಇಡೀ ಕ್ರೈಸ್ತ ಪರಂಪರೆ ಮುಟ್ಟಿ ಬರಬೇಕು, ಸಿದ್ಧಾಂತಕ್ಕೆ ಸಿಗುವ ವೇಳೆ ಕಡಿಮೆ. ನೀತಿನಿರ್ಣಯ ಒಂದು ಚರಿತ್ರೆಯ ಘಟನೆಯಾಗಿ ಬರುತ್ತದೆ: ಯಾರು ಹೇಳಿದರು, ಯಾಕೆ ಹೇಳಿದರು, ಅದರಿಂದ ಯುರೋಪಿನಲ್ಲಿ ಏನಾಯಿತು. ‘ಇದು ಸತ್ಯವೇ’ ಎಂದು ತರಗತಿ ನಿಮ್ಮನ್ನು ಕೇಳುವುದಿಲ್ಲ. ಕೆಲವರಿಗೆ ಅದೇ ನೆಮ್ಮದಿ, ಕೆಲವರಿಗೆ ಅದೇ ಹಸಿವು. ಗ್ರೀಕ್ ಬೇಕೆಂದರೆ ಹೊರಗೆ ಕಲಿಯುವ ಏರ್ಪಾಟು ಮೊದಲೇ ಮಾಡಿಕೊಳ್ಳಿ.

ಹೊರದೇಶ

ಪಿಯುಸಿ ಮುಗಿದ ಕೂಡಲೇ ಹೊರಡುವುದನ್ನು ನಾವು ಒಪ್ಪುವುದಿಲ್ಲ. ಇಲ್ಲಿ ಬಿ.ಡಿ. ಅಥವಾ ಎಂ.ಎ. ಮಾಡಿ, ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ ಎಂದು ತಿಳಿದುಕೊಂಡು ಹೋಗಿ.

ಜರ್ಮನಿಗೆ ನಮ್ಮ ನಾಡಿನ ನಂಟಿದೆ. 1843ರಲ್ಲಿ ಮಂಗಳೂರ ಸಮಾಚಾರ ಹೊರತಂದ ಹರ್ಮನ್ ಮೊಗ್ಲಿಂಗ್ ದೇವಶಾಸ್ತ್ರ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಆ ವಿಶ್ವವಿದ್ಯಾಲಯದಲ್ಲಿ ಪ್ರೊಟೆಸ್ಟೆಂಟ್ ಮತ್ತು ಕಥೋಲಿಕ ವಿಭಾಗಗಳೆರಡೂ ಇವೆ. ಒಂದೇ ಊರಿನಲ್ಲಿ ಎರಡೂ ಕಡೆಯ ಪಾಠ ಕೇಳುವ ಅವಕಾಶ ದೊಡ್ಡದು. ಟ್ಯೂಬಿಂಗೆನ್ ಇರುವ ಬಾಡೆನ್ ವುರ್ಟೆಂಬೆರ್ಗ್ ರಾಜ್ಯ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸಿತು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ಬಿಡುವ ಖಾತೆ) ವರ್ಷಕ್ಕೆ 11,904 ಯೂರೊ ತೋರಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ಅರ್ಜಿ ಹಾಕುವ ವರ್ಷದ ಮೊತ್ತ ನೋಡಿಕೊಳ್ಳಿ. ಹಣಕ್ಕಿಂತ ದೊಡ್ಡ ಗೋಡೆ ಭಾಷೆ. ಜರ್ಮನ್ ಗಟ್ಟಿಯಾಗಿರಬೇಕು, ಪ್ರೊಟೆಸ್ಟೆಂಟ್ ದೇವಶಾಸ್ತ್ರದ ಪೂರ್ಣ ಪದವಿಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಮೂರರಲ್ಲೂ ಪರೀಕ್ಷೆ ದಾಟಬೇಕು. ಭಾಷೆಗೇ ಒಂದೂವರೆ, ಎರಡು ವರ್ಷ ಹೋದರೆ ಅಚ್ಚರಿಯಿಲ್ಲ.

ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದು ಬಹುತೇಕ 1 ವರ್ಷ. ವೇಳೆ ಉಳಿಯುತ್ತದೆ, ಶುಲ್ಕ ಹೆಚ್ಚು. ಪ್ರಬಂಧ ಬರೆದು ವಾದಿಸುವುದೇ ಅಲ್ಲಿಯ ಪಾಠಕ್ರಮ, ಟಿಪ್ಪಣಿ ಒಪ್ಪಿಸಿದರೆ ಅಂಕ ಬರುವುದಿಲ್ಲ. ಅಮೆರಿಕದಲ್ಲಿ ಸಭಾಸೇವೆಗೆ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಸಾಮಾನ್ಯವಾಗಿ 3 ವರ್ಷ, ಕನಿಷ್ಠ 72 ಕ್ರೆಡಿಟ್. ಹಣ ತುಂಬಿದ ಕೆಲವು ಸಂಸ್ಥೆಗಳು ನೆರವು ಕೊಡುವುದರಿಂದ ಪಟ್ಟಿಯಲ್ಲಿ ಕಾಣುವ ಶುಲ್ಕ ನೋಡಿ ಹಿಂದೆ ಸರಿಯಬೇಡಿ, ನೆರವು ಕಳೆದ ಮೇಲೆ ಉಳಿಯುವ ಮೊತ್ತ ಎಷ್ಟೆಂದು ಕೇಳಿ.

ಕೆಲಸ ಬಿಡಲಾಗದವರಿಗೆ

ಸೆರಾಂಪುರದ ಬಿ.ಸಿ.ಎಸ್. (ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್) ಗೃಹಸ್ಥರಿಗಾಗಿಯೇ ಇರುವ ದೂರಶಿಕ್ಷಣದ ಪದವಿ. ಬೆಂಗಳೂರಿನ ಟಾಫ್ಟಿ ಎಂಬ ಸಂಸ್ಥೆ ನಡೆಸುವ ಪಾಠಗಳಲ್ಲಿ ಮನೆಯಲ್ಲೇ ಓದಿ ಸಣ್ಣ ಗುಂಪಿನಲ್ಲಿ ಸೇರಿ ಚರ್ಚಿಸುವ ಪದ್ಧತಿಯಿದೆ. ಸಂಡೇಸ್ಕೂಲ್ ನಡೆಸುವವರಿಗೆ, ಸಭೆಯ ಹಿರಿಯರಿಗೆ ಇಷ್ಟು ಬೇಕಾದಷ್ಟಾಯಿತು. ದೂರಶಿಕ್ಷಣದಲ್ಲಿ ಕೈಕೊಡುವುದು ಬುದ್ಧಿಯಲ್ಲ, ವೇಳಾಪಟ್ಟಿ. ವಾರಕ್ಕೆ ಆರು ಗಂಟೆ ಎತ್ತಿಡಲಾಗದಿದ್ದರೆ ಒಂದೇ ವಿಷಯಕ್ಕೆ ಹೆಸರು ಕೊಡಿ.

ಯಾರಿಗೆ ಯಾವುದು

ಸಿ.ಎಸ್.ಐ. ಅಥವಾ ಮೆಥಡಿಸ್ಟ್ ಸಭೆಯ ಕನ್ನಡ ಸೇವೆಗೆ ಹೋಗುವವರಿಗೆ ಬಲ್ಮಠ, ಮುಂದೆ ಸಿದ್ಧಾಂತದಲ್ಲಿ ಎಂ.ಟಿಎಚ್.ಗೆ ಯುಟಿಸಿ: ಈ ಜೋಡಿಯೇ ನಮ್ಮ ಮೊದಲ ಆಯ್ಕೆ. ಕಥೋಲಿಕ ಗೃಹಸ್ಥರು ಮೊದಲು ಮೈಸೂರಿನ ಎಂ.ಎ. ಮಾಡಿ ಆಮೇಲೆ ಧರ್ಮಾರಾಮಿನ ಬಾಗಿಲು ತಟ್ಟಿದರೆ ಹೊಟ್ಟೆಪಾಡೂ ವಿದ್ಯೆಯೂ ಎರಡೂ ಉಳಿಯುತ್ತವೆ. ಪಿಯುಸಿ ಮುಗಿಸಿದವರು ಅವಸರಪಡದೆ ಚರಿತ್ರೆ, ತತ್ತ್ವಶಾಸ್ತ್ರ, ಸಂಸ್ಕೃತ ಇವುಗಳಲ್ಲಿ ಒಂದನ್ನಿಟ್ಟುಕೊಂಡು ಬಿ.ಎ. ಮಾಡಲಿ. ಆ ಮೂರು ವರ್ಷ ಮುಂದೆ ತರಗತಿಯಲ್ಲಿ ಎದ್ದು ಕಾಣುತ್ತದೆ. ಕೈಯಲ್ಲಿ ಹಣ ಕಡಿಮೆ, ಸಭೆಯ ಬೆಂಬಲವೂ ಇಲ್ಲ ಎನ್ನುವವರಿಗೆ ಸರ್ಕಾರಿ ವಿಶ್ವವಿದ್ಯಾಲಯವೇ ಸರಿ.

ಅರ್ಜಿ ತುಂಬುವ ಮೊದಲು ನಿಮ್ಮ ಪಟ್ಟಿಯ ಪ್ರತಿ ಸಂಸ್ಥೆಯಿಂದಲೂ ಮೂರು ಕಾಗದ ಕೇಳಿ ಪಡೆಯಿರಿ: ಸಿದ್ಧಾಂತದ ಒಂದು ಪತ್ರಿಕೆಯ ಪಠ್ಯಕ್ರಮ, ಅದರ ಓದುಪಟ್ಟಿ, ಕಳೆದ ವರ್ಷದ ಪ್ರಶ್ನೆಪತ್ರಿಕೆ. ಪ್ರಶ್ನೆಪತ್ರಿಕೆಯಲ್ಲಿ ‘ವಿವರಿಸಿ’ ಎಂಬುದು ಎಷ್ಟು ಸಲ ಬಂದಿದೆ, ‘ವಿಮರ್ಶಿಸಿ’ ಎಂಬುದು ಎಷ್ಟು ಸಲ ಬಂದಿದೆ ಎಣಿಸಿ. ಓದುಪಟ್ಟಿಯಲ್ಲಿ ಭಾರತದವರ ಹೆಸರು ಎಷ್ಟು, ಬೇರೆ ಸಭಾಪರಂಪರೆಯವರ ಹೆಸರು ಎಷ್ಟು ನೋಡಿ. ಆಮೇಲೆ ಒಂದು ದಿನ ಅನುಮತಿ ಪಡೆದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ವಿದ್ಯಾರ್ಥಿಯೊಬ್ಬ ಎದ್ದು ಅಡ್ಡ ಪ್ರಶ್ನೆ ಕೇಳಿದಾಗ ಮೇಷ್ಟ್ರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ.